ಬಿಡು ಅಂದರೆ ಬಿಡುವ ವಾಲ್ವು

"ಅಣ್ಣಾ, ಇನ್ನು ನಿನ್ನ ವಾಲ್ವಿನ ಹಿಡಿಕೆ ಗುಜರಿಗೆ ಹಾಕು!" ಅಂತ ಕೊಟ್ರೇಶಿ ಚಿಕ್ಕಪ್ಪ ಘೋಷಿಸಿದಾಗ ಇಡೀ ಬೀದಿ ಖಾಲಿ ಕೊಡ ಹಿಡಿದು ನಿಂತಿತ್ತು.

ಅಪ್ಪ ನಮ್ಮ ವಾರ್ಡಿನ ನೀರುಗಂಟಿ. ಎಂಟು ದಿನಕ್ಕೊಮ್ಮೆ ಬೀದಿ ನಲ್ಲಿಯ ಪಕ್ಕದ ಗುಂಡಿಗೆ ಇಳಿದು, ವಾಲ್ವು ತಿರುಗಿಸಿ ನೀರು ಬಿಡುವುದು ಅವನ ಕೆಲಸ. ಚಿಕ್ಕಪ್ಪನದು ಮೊಬೈಲ್ ರಿಪೇರಿ ಅಂಗಡಿ. ಅವನ ಕೈಗೆ ಹೋದ ಫೋನುಗಳು ಬದುಕಿ ಬಂದದ್ದು ಕಡಿಮೆ. ಹಾಗಾಗಿ ಸಹಜವಾಗಿಯೇ ಪುರಸಭೆಯವರು ವಾಲ್ವನ್ನೂ ಅವನ ಕೈಗೇ ಕೊಟ್ಟಿದ್ದರು.

"ವಾಲ್ವಿಗೆ ಕೂರಿಸಿದ ಈ ಪೆಟ್ಟಿಗೆಗೆ ಇಂಟರ್‌ನೆಟ್ ಇದೆ, ಮೋಟರ್ ಇದೆ, ಕಿವಿಯೂ ಇದೆ! ಫೋನಿಂದ ತೆಗೀಬಹುದು, ಬಾಯಲ್ಲಿ ಹೇಳಿದ್ರೂ ಆಯ್ತು. ನೋಡ್ರೀ!" ಅವನು ಬಾಗಿ, ಹೊಸ ಮದುಮಗಳಿಗೆ ಹೇಳುವಷ್ಟು ಮೆತ್ತಗೆ "ಬಿಡು" ಅಂದ.

ನಲ್ಲಿಯಲ್ಲಿ ನೀರು ಧುಮುಕಿತು! "ಸಾಕು" ಅಂದ. ನಿಂತಿತು! ಚಪ್ಪಾಳೆಯೋ ಚಪ್ಪಾಳೆ.

"ಪಾಸ್‌ವರ್ಡ್ ಗಟ್ಟಿ ಐತೇನೋ?" ಅಪ್ಪ ಕೇಳಿದ.

"ಒಂದು ಎರಡು ಮೂರು ನಾಲ್ಕು. ಮರೀಬಾರ್ದು ಅಂತ ಪೆಟ್ಟಿಗೆ ಮೇಲೇ ಬರ್ದೀನಿ."

"ಕಳ್ಳರು ಓದಿದ್ರೆ?"

"ಇಷ್ಟು ಸುಲಭ ಇರುತ್ತೆ ಅಂತ ಕಳ್ಳರು ನಂಬೋದೇ ಇಲ್ಲಣ್ಣಾ!"

ಏಳನೇ ಕ್ಲಾಸಿಗೇ ಶಾಲೆ ಬಿಟ್ಟ ನನಗೆ ಅಷ್ಟು ದೊಡ್ಡ ವಿಜ್ಞಾನ ಅರ್ಥವಾಗಲಿಲ್ಲ. ಹಳೇ ಹಿಡಿಕೆ ಇನ್ಯಾಕೆ ಅಂತ ಚಿಕ್ಕಪ್ಪ ಅದನ್ನೂ ಕತ್ತರಿಸಿ ಎಸೆದ.

ಮರುದಿನ ಹಾಲಮ್ಮಜ್ಜಿ ನಲ್ಲಿಕಟ್ಟೆಯ ಮೇಲೆ ಕೂತು ಸೊಸೆಯ ದೂರು ಹೇಳುತ್ತಿದ್ದಳು. ಎದುರುಮನೆ ರುದ್ರಮ್ಮ ಸಮಾಧಾನ ಮಾಡಿದಳು: "ಹೋಗ್ಲಿ ಬಿಡು."

ಧೋ ಅಂತ ನೀರು!

"ಯಾರೇ ಬಿಟ್ಟಿದ್ದು?"

"ನಾನಂತೂ ಅಲ್ಲ ಬಿಡು!"

ಅಪ್ಪ ಓಡಿ ಬಂದು "ಸಾಕು" ಅಂದ. ಅಷ್ಟರಲ್ಲಿ ಒಬ್ಬಳು ಮಗುವಿಗೆ "ಹಟ ಬಿಡು" ಅಂದಳು, ಇನ್ನೊಬ್ಬಳು ಗಂಡನಿಗೆ "ಬೀಡಿ ಬಿಡು" ಅಂದಳು. ಬೀಡಿಯನ್ನು ಅವನು ಬಿಡಲಿಲ್ಲ, ನೀರನ್ನು ವಾಲ್ವು ಬಿಟ್ಟಿತು. ದಿನವಿಡೀ ಅಪ್ಪ ಗುಂಡಿಯ ಪಕ್ಕ ಕೂತು "ಸಾಕು, ಸಾಕು" ಅನ್ನುತ್ತಿದ್ದ. ಜೀವನವೇ ಸಾಕಾಗಿದೆ ಅಂತ ದಾರಿಹೋಕರು ತಿಳಿದರು.

"ತಪ್ಪು ಯಂತ್ರದ್ದಲ್ಲ, ನಿಮ್ಮ ಭಾಷೇದು!" ಅಂದ ಚಿಕ್ಕಪ್ಪ.

ಮುಂದಿನ ನೀರಿನ ದಿನ ಬೆಳಗ್ಗೆ ಇಂಜಿನಿಯರ್ ಪರೀಕ್ಷೆಗೆ ಬರುವವರಿದ್ದರು. ಯಂತ್ರ ನೀರು ಕೊಡದಿದ್ದರೆ ಅಪ್ಪನ ಗುತ್ತಿಗೆ ರದ್ದು ಅಂತ ಮೊದಲೇ ಹೇಳಿದ್ದರು. ಯಂತ್ರ ಮಾಡಿದವನಿಗಲ್ಲ, ಅದರ ಪಕ್ಕ ಕೂತವನಿಗೆ ಶಿಕ್ಷೆ. ಅದೂ ನ್ಯಾಯವೇ.

ಆ ಬೆಳಗ್ಗೆಯೇ ಚಿಕ್ಕಪ್ಪನ ಫೋನಿಗೆ ಸಂದೇಶ ಬಂತು: "ಗೌರವಾನ್ವಿತ ನೀರೇ, ನಿಮ್ಮ ಕವಾಟವು ನಮ್ಮ ಸೆರೆಯಲ್ಲಿದೆ. ನಗರವು ಬಾಯಾರಿ ಸಾಯತಕ್ಕದ್ದು."

"ಭಯೋತ್ಪಾದಕರು ಅಣ್ಣಾ!" ಚಿಕ್ಕಪ್ಪ ಬೆವರಿದ. ಮುಖದಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. "ಅದೂ ಫಾರಿನ್‌ನವರು, ಈ ಕನ್ನಡ ನೋಡು!"

ಅವನು "ಬಿಡು" ಅಂದ. ನೀರು ಬಂತು. ಮೂರೇ ಸೆಕೆಂಡಿಗೆ ಅವರು ಎಲ್ಲಿಂದಲೋ ಮುಚ್ಚಿದರು. "ಬಿಡು!" ಮತ್ತೆ ಮುಚ್ಚಿದರು. ಇಪ್ಪತ್ತನೇ ಸಲಕ್ಕೆ ಚಿಕ್ಕಪ್ಪನ ಗಂಟಲು ಕಟ್ಟಿತು. "ಸಾಕು" ಅಂದೂ ಅಂದೂ ಅಪ್ಪನ ಧ್ವನಿ ಮೊದಲೇ ಹೋಗಿತ್ತು. ತಿರುವಿನಲ್ಲಿ ಇಂಜಿನಿಯರ್ ಜೀಪು ಕಂಡಿತು. ಅಪ್ಪ ಗುಂಡಿಗಿಳಿದು ಹಿಡಿಕೆಯಿಲ್ಲದ ಕಬ್ಬಿಣವನ್ನು ಬರಿಗೈಯಲ್ಲಿ ತಿರುಗಿಸಲು ನೋಡುತ್ತಿದ್ದ.

ನಾನು ಹತ್ತು ಜನರ ಮುಂದೆ ಬಾಯಿ ತೆರೆಯುವವಳಲ್ಲ. ಹಾಲಮ್ಮಜ್ಜಿಯ ಕಿವಿಯಲ್ಲಿ ಒಂದೇ ಮಾತು ಹೇಳಿದೆ: "ಅಜ್ಜೀ, ನಿಮ್ಮ ಕೊಡ ಸರಿಸಿ ರುದ್ರಮ್ಮ ತನ್ನದು ಇಟ್ಟಾಳೆ ನೋಡ್ರಿ."

"ಏ ರುದ್ರೀ! ನನ್ನ ಪಾಳಿ ಬಿಡು!"

"ನಿನ್ನ ಹೆಸರು ಬರ್ದೈತಾ? ನೀನೇ ಬಿಡು!"

"ಅಯ್ಯಯ್ಯೋ, ಜಡೆ ಬಿಡೇ!"

"ಹೋಗ್ಲಿ ಬಿಡ್ರೇ!" ಅಂತ ಬಿಡಿಸಲು ನಾಲ್ವರು ಬಂದರು. ಅವರನ್ನು ಬಿಡಿಸಲು ಎಂಟು ಜನ. ಫಾರಿನ್‌ನವರಿಗೆ ಮುಚ್ಚುವುದಕ್ಕೆ ಮೂರು ಸೆಕೆಂಡು ಬೇಕು. ನಮ್ಮ ಬೀದಿಯಲ್ಲಿ ಅಷ್ಟು ಹೊತ್ತು ಯಾರು ಸುಮ್ಮನಿರುತ್ತಾರೆ? ನೀರು ನಿಲ್ಲಲೇ ಇಲ್ಲ! ಕೊಡ ತುಂಬಿತು, ಡ್ರಮ್ಮು ತುಂಬಿತು, ಜಗಳ ಮಾತ್ರ ತುಂಬಲಿಲ್ಲ.

ಫೋನು ಮತ್ತೆ ಕುಂಯ್ಗುಟ್ಟಿತು: "ದಯಮಾಡಿ ಆ ಮಹಿಳೆಯರು ಯಾವ ಸಂಘಟನೆ? ನಮ್ಮ ಬೆರಳು ನೋಯುತ್ತಿವೆ. ಕವಾಟವು ನಿಮಗೇ ಇರಲಿ."

ಜೀಪಿನಿಂದ ಇಳಿದ ಇಂಜಿನಿಯರ್ ಕಣ್ಣರಳಿಸಿದರು. "ಇಷ್ಟು ಜನ ಇಷ್ಟು ಉತ್ಸಾಹದಿಂದ ತಂತ್ರಜ್ಞಾನ ಬಳಸ್ತಿದ್ದಾರಲ್ರೀ!"

ಅಪ್ಪನ ಗುತ್ತಿಗೆ ಒಂದು ವರ್ಷ ಮುಂದುವರಿಯಿತು. ಚಿಕ್ಕಪ್ಪನ ಪೆಟ್ಟಿಗೆಯನ್ನು ಬರುವ ತಿಂಗಳು ಅಣೆಕಟ್ಟಿನ ಗೇಟಿಗೂ ಕೂರಿಸುತ್ತಾರಂತೆ. ಅದರ ಕೆಳಗಿನ ಊರಿನವರು ಬಹಳ ಮಾತುಗಾರರು ಅಂತ ಕೇಳಿದ್ದೇನೆ.