ಸೀಸೆಗೊಂದು ಕೋಟು

ನನ್ನದೊಂದು ಕೆಟ್ಟ ಗುಣವಿದೆ. ಯಾವ ಕೆಲಸವನ್ನಾದರೂ ಇನ್ನೊಬ್ಬರು ಸಲೀಸಾಗಿ ಮಾಡುವುದನ್ನು ಕಂಡರೆ ಅದು ನನಗೂ ಬರುತ್ತದೆ ಎಂದು ನಂಬಿಬಿಡುತ್ತೇನೆ. ಹಾಗೆ ನಂಬಿ ಒಮ್ಮೆ ಮನೆಯ ಗಡಿಯಾರ ಬಿಚ್ಚಿದೆ. ಅದು ಇಂದಿಗೂ ಒಂದು ಡಬ್ಬಿಯಲ್ಲಿದೆ. ನನ್ನ ಕ್ಷೌರ ನಾನೇ ಮಾಡಿಕೊಂಡು ಒಂದು ತಿಂಗಳು ಟೋಪಿ ತೆಗೆಯದೆ ಕಚೇರಿಗೆ ಹೋದೆ. ಆದರೆ ಬೀರಿನ ಸೀಸೆಯೊಂದಕ್ಕೆ ಹೊದಿಕೆ ಹೊಲಿಯಲು ಹೋಗಿ ಕಳೆದುಕೊಳ್ಳಲಿದ್ದ ಮಾನದ ಮುಂದೆ ಇವೆಲ್ಲ ಏನೂ ಅಲ್ಲ.

ಆಗ ನಮ್ಮ ಮನೆ ಅಜ್ಜಂಪುರದಲ್ಲಿ, ನನ್ನ ಕೆಲಸ ಕಡೂರಿನ ತಾಲ್ಲೂಕು ಕಚೇರಿಯ ರೆಕಾರ್ಡು ಕೋಣೆಯಲ್ಲಿ. ದಿನವೂ ರೈಲಿನ ಓಡಾಟ. ಹೊಟ್ಟೆಯಲ್ಲಿ ಉರಿ ಶುರುವಾಯಿತೆಂದು ಡಾಕ್ಟರ ಹತ್ತಿರ ಹೋದರೆ, ಅವರು ಕಾಫಿ ಬಿಡಿಸಿ, ಹನ್ನೊಂದಕ್ಕೂ ಮೂರಕ್ಕೂ ಬೆಚ್ಚನೆಯ ಹಾಲು ಕುಡಿಯಬೇಕು ಎಂದರು. ಫ್ಲಾಸ್ಕು ನನ್ನಂಥ ಗುಮಾಸ್ತನಿಗೆ ದೂರದ ಮಾತು. ಗುಜರಿ ಅಂಗಡಿಗೆ ಹೋಗಿ ದಪ್ಪ ಗಾಜಿನ ದೊಡ್ಡದೊಂದು ಬೀರಿನ ಸೀಸೆ ಆರಿಸಿದೆ. "ಸೀಮೆಎಣ್ಣೆಗಾ ಸ್ವಾಮಿ?" ಎಂದ ಅಂಗಡಿಯವನು. "ಹಾಲಿಗೆ" ಎಂದೆ. "ಹಾಲಿಗೇ ಬುಡಿ" ಎಂದು ನಕ್ಕ. ಆ ನಗುವಿಗೆ ಆಗಲೇ ನಾನು ಎಚ್ಚರಗೊಳ್ಳಬೇಕಿತ್ತು.

ಆ ಕಾಲದಲ್ಲಿ ಬೀರಿನ ಸೀಸೆಯಿಲ್ಲದ ಮನೆಯಿರಲಿಲ್ಲ. ಸೀಮೆಎಣ್ಣೆ, ಹರಳೆಣ್ಣೆ ಎಲ್ಲಕ್ಕೂ ಅದೇ. ಹಾಗಾಗಿ ಒಂದು ವಾರ ನಾನು ಸೀಸೆಯನ್ನು ಬರಿಮೈಯಲ್ಲೇ ಒಯ್ದರೂ ಯಾರೂ ತಿರುಗಿ ನೋಡಲಿಲ್ಲ. ತೊಂದರೆಯೆಂದರೆ ಬೀರೂರು ಬರುವಷ್ಟರಲ್ಲಿ ಹಾಲು ಆರಿಹೋಗುತ್ತಿತ್ತು. "ಕೊಡಿ ಇಲ್ಲಿ, ಒಂದು ಚೀಲ ಹೊಲ್ದುಕೊಡ್ತೀನಿ" ಎಂದಳು ನನ್ನ ಹೆಂಡತಿ ಗೌರಮ್ಮ. ಹದಿನೈದು ವರ್ಷದಿಂದ ಸರ್ಕಾರದ ಕಡತ ಹೊಲಿಯುತ್ತಿರುವವನಿಗೆ ಒಂದು ಸೀಸೆ ಹೊಲಿಯಲು ಬಾರದೇ ಎಂದು ನನಗೆ ರೇಗಿತು.

ಭಾನುವಾರ ಇಡೀ ಕೂತೆ. ಸೀಸೆಗೆ ಮೊದಲು ಕಂಬಳಿಯ ತುಂಡು, ಅದರ ಮೇಲೆ ಹತ್ತಿ, ಅದರ ಮೇಲೆ ನನ್ನ ಹಳೆಯ ಕರಿಕೋಟಿನ ಒಂದು ತೋಳು. ದಬ್ಬಳಕ್ಕೆ ಕಡತದ ದಾರ ಪೋಣಿಸಿ, ತಳವನ್ನೂ ಕತ್ತನ್ನೂ ಎರಡೆರಡು ಸಲ ಬಿಗಿದೆ. ಕಡತದ ಹೊಲಿಗೆಯ ಗುಟ್ಟು ಒಂದೇ: ಒಳಗಿನದು ಯಾವ ಕಾರಣಕ್ಕೂ ಹೊರಗೆ ಬರಬಾರದು. ಬರಲೂ ಇಲ್ಲ. ಕತ್ತಿನ ಹತ್ತಿರ ತೋಳಿನ ಗುಂಡಿಗಳು ಹೊಳೆಯುತ್ತಿದ್ದವು. ಗೌರಮ್ಮ ಅದನ್ನು ತಿರುಗಿಸಿ ನೋಡಿ, "ಇದಕ್ಕೊಂದು ಪೇಟ ಸುತ್ತಿದ್ರೆ ಥೇಟ್ ಅಮಲ್ದಾರ್ರು ಕಣ್ರೀ. ಅದಿರ್ಲಿ, ಇದನ್ನ ತೆಗೆದು ತೊಳೆಯೋದು ಹೆಂಗೆ?" ಎಂದಳು. ಹೊಟ್ಟೆಕಿಚ್ಚಿನ ಮಾತೆಂದು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಹಾಲೇನೋ ಬೆಚ್ಚಗಿರತೊಡಗಿತು. ಆದರೆ ಕೋಟು ಹಾಕಿಕೊಂಡ ಸೀಸೆಯನ್ನು ರೈಲಿನಲ್ಲಿ ಎಲ್ಲರೂ ನೋಡತೊಡಗಿದರು. ಬೀರಿನ ಸೀಸೆಯ ಆಕಾರ ಯಾವ ಕೋಟಿನೊಳಗೂ ಅಡಗುವುದಿಲ್ಲ. ಅಡಗಿಸಲು ಹೊರಟವನು ಎಂಥವನೆಂದು ಮಾತ್ರ ತಿಳಿಯುತ್ತದೆ. ದಿನವೂ ಜೊತೆಗೆ ಬರುತ್ತಿದ್ದ ಮೇಷ್ಟರೊಬ್ಬರು ಒಂದು ದಿನ ನನ್ನ ಕಿವಿಯ ಹತ್ತಿರ ಬಗ್ಗಿ, "ಬೆಳಿಗ್ಗೆ ಬೆಳಿಗ್ಗೇನೇ ಬ್ಯಾಡಿ ಸ್ವಾಮಿ, ಲಿವರು ಕೆಡ್ತದೆ" ಎಂದರು.

ಅಷ್ಟಕ್ಕೇ ನಿಂತಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ನನಗೆ ತರೀಕೆರೆಯಲ್ಲಿ ಒಬ್ಬ ಮಾವನವರಿದ್ದರು. ಬೆಲ್ಲದ ವ್ಯಾಪಾರಿ, ಮಠಕ್ಕೆ ನಡೆದುಕೊಳ್ಳುವವರು, ಹೋಟೆಲಿನ ನೀರನ್ನೂ ಮುಟ್ಟದವರು. ಹಿರಿಯ ಅಳಿಯ ಕುಡಿಯುತ್ತಾನೆಂದು ತಿಳಿದ ದಿನವೇ ಮಗಳನ್ನು ಗಾಡಿ ಹತ್ತಿಸಿಕೊಂಡು ಬಂದಿದ್ದರು. ನನಗೆ ಹೆಣ್ಣು ಕೊಟ್ಟದ್ದು, ಹುಡುಗನಿಗೆ ಯಾವ ಚಟವೂ ಇಲ್ಲ ಎಂಬ ಒಂದೇ ಯೋಗ್ಯತೆಯ ಮೇಲೆ.

ಆ ದಿನ ಕಚೇರಿಯಲ್ಲಿ ತನಿಖೆ ಇತ್ತು, ಹಾಲು ಕುಡಿಯಲು ಪುರಸೊತ್ತಾಗಲಿಲ್ಲ. ಸಾಯಂಕಾಲ ತುಂಬಿದ ಸೀಸೆಯೊಂದಿಗೆ ರೈಲು ಹತ್ತಿದರೆ ಎದುರಿಗೇ ಮಾವನವರು. ಕಡೂರಿಗೆ ವ್ಯಾಪಾರಕ್ಕೆ ಬಂದವರು ನಮ್ಮ ಮನೆಗೇ ಹೊರಟಿದ್ದರು. ನಾನು ಸೀಸೆಯನ್ನು ಮಂಡಿಗಳ ನಡುವೆ ಅವುಚಿಕೊಂಡು ಮಳೆ ಬೆಳೆ ವಿಚಾರಿಸಿದೆ. ಸರಿಯಾಗಿ ತೊಳೆಯದ ಸೀಸೆ, ಕಂಬಳಿಯ ಕಾವು, ಇಡೀ ದಿನದ ಹಾಲು. ಒಳಗೆ ಏನಾಗಬೇಕೋ ಅದು ಆಗಿತ್ತು. ಬೀರೂರಿನಲ್ಲಿ ಗಾಡಿ ಜಗ್ಗಿ ನಿಂತಾಗ ಡಬ್ ಎಂದು ಬಿರಡೆ ಹಾರಿ ಮಾವನವರ ಮಡಿಲಿಗೆ ಬಿತ್ತು. ಹುಳಿ ನಾತ ರೈಲುಡಬ್ಬಿಯೆಲ್ಲ ತುಂಬಿತು. ಕರಿಕೋಟಿನ ಮೇಲೆ ಬಿಳಿ ನೊರೆ ಇಳಿಯುತ್ತಿತ್ತು.

"ಹಾಲು, ಮಾವನವರೇ" ಎಂದೆ. ಅದು ನನಗೇ ಸುಳ್ಳಿನಂತೆ ಕೇಳಿಸಿತು. ಗೌರಮ್ಮ ಪೆಟ್ಟಿಗೆ ಹಿಡಿದು ತವರಿಗೆ ಹೊರಟಂತೆ ಕಣ್ಣಿಗೆ ಕಟ್ಟಿತು. ಅವರು ಸೀಸೆ ಇಸಿದುಕೊಂಡು ಕೋಟು ಎಳೆದರು, ಬರಲಿಲ್ಲ. ತಿರುಗಿಸಿ ಹೊಲಿಗೆಯ ಮೇಲೆ ಬೆರಳಾಡಿಸಿದರು.

"ಯಾರು ಹೊಲ್ದಿದ್ದು, ಅಳಿಯಂದ್ರೇ?"

"ನಾನೇ."

ಅಜ್ಜಂಪುರದವರೆಗೆ ಅವರು ಸೀಸೆಯನ್ನು ಕೈಬಿಡಲಿಲ್ಲ. ಮನೆಗೆ ಬಂದು ಕಾಲು ತೊಳೆದು, ಸೀಸೆಯನ್ನು ಮಗಳ ಮುಂದಿಟ್ಟರು. "ಗೌರಾ, ನಿನ್ನ ಗಂಡ ಕುಡಿಯೋನಲ್ಲ ಕಣವ್ವ. ನಿನ್ನ ಭಾವನ್ನ ಕಂಡುಹಿಡಿಯೋಕೆ ನಂಗೆ ನಾಕು ವರ್ಸ ಹಿಡೀತು. ಕುಡಿಯೋರಿಗೆ ಇದಕ್ಕಿಂತ ಬುದ್ಧಿ ಇರ್ತದೆ."

ಗೌರಮ್ಮ ಒಂದು ಕ್ಷಣವೂ ಯೋಚಿಸದೆ, "ಅದೇನೋ ನಿಜ ಕಣಪ್ಪ" ಎಂದಳು. ಮಾನ ಉಳಿಯಿತೆಂಬ ಸಂತೋಷದಲ್ಲಿ ನಾನೂ ತಲೆಯಾಡಿಸಿದೆ. ನಾನು ತಲೆಯಾಡಿಸಿದ್ದು ಯಾವುದಕ್ಕೆಂದು ಹೊಳೆದದ್ದು ಊಟವಾದ ಮೇಲೆ.

ಮುಂದಿನ ವಾರ ಮಾವನವರು ತರೀಕೆರೆಯಿಂದ ಒಂದು ಹೊಸ ಫ್ಲಾಸ್ಕು ಕಳಿಸಿಕೊಟ್ಟರು. ಜೊತೆಗೊಂದು ಚೀಟಿ: 'ಇದಕ್ಕೆ ಏನೂ ಹೊಲಿಯಬೇಡಿ.' ಗೌರಮ್ಮ ಅದನ್ನು ಗಟ್ಟಿಯಾಗಿ ಓದಿ ತಲೆಯೆತ್ತುವ ಹೊತ್ತಿಗೆ, ಆ ಕೋಟಿನ ಇನ್ನೊಂದು ತೋಳು ನನ್ನ ಕೈಯಲ್ಲಿತ್ತು.