ಒಮ್ಮೆ ಓದಿದ ಮುಹೂರ್ತ

ಒಂದು ಸಲ ಕೇಳಿದ ಮಾತಿನ ಮೇಲೆ ನನಗೆ ನಂಬಿಕೆಯಿಲ್ಲ. ಬೇಳೆ ಬೆಂದಿದೆ ಎಂದು ಸೊಸೆ ಹೇಳಿದರೂ ಮುಚ್ಚಳ ತೆಗೆದು ಒಂದು ಕಾಳು ಹಿಚುಕಿ ನೋಡುತ್ತೇನೆ. ನನ್ನ ಗಂಡ ಬದುಕಿದ್ದಾಗ, ಅವನು ಬಾಗಿಲು ಹಾಕಿ ಬಂದು ಮಲಗಿದ ಮೇಲೂ ಎದ್ದು ಹೋಗಿ ಚಿಲಕ ಮುಟ್ಟಿ ಬರುತ್ತಿದ್ದೆ. ಪಾಪ, ಆ ಮನುಷ್ಯ ಬೈದು ಬೈದು ಸುಮ್ಮನಾದ. ನನ್ನ ಸುದ್ದಿ ಯಾವಾಗಲೂ ತಾಜಾ ಎಂಬ ಸೊಕ್ಕು ನನಗೆ.

ಮೊಮ್ಮಗಳ ಲಗ್ನ ಬಂತು. ತಿಳವಳ್ಳಿಯ ನನ್ನ ಅಣ್ಣ ಅಕ್ಷತೆಯ ಅಕ್ಕಿಕಾಳು ಹಾಕದೆ ಅವಳ ಲಗ್ನ ಆಗಬಾರದು ಎಂಬುದೊಂದೇ ನನ್ನ ಹಟ. ಸೊಸೆ ಶಿವಲೀಲಾ ಮನೆಯಲ್ಲೇ ಕಂಪ್ಯೂಟರ್ ಇಟ್ಟು ಲಗ್ನಪತ್ರಿಕೆ ಮಾಡುವವಳು. ಹಾನಗಲ್ಲು, ಶಿಗ್ಗಾಂವಿ, ಹಿರೇಕೆರೂರಿನ ಬೀಗರ ಹೆಸರು ಒಂದು ಫೈಲಿನಲ್ಲಿ, ಮುಹೂರ್ತ ಬೇರೊಂದರಲ್ಲಿ. ಎಕ್ಸ್‌ಎಮ್‌ಎಲ್ ಅಂತೆ ಆ ಫೈಲುಗಳ ಜಾತಿ. ಎರಡನ್ನೂ ಕೂಡಿಸಿ ಕಂಪ್ಯೂಟರ್ ಒಬ್ಬೊಬ್ಬರ ಹೆಸರಿಗೂ ಒಂದೊಂದು ಪತ್ರಿಕೆ ಹೆರುತ್ತದೆ.

ಆ ಕಡೆ ಅದು ಹೆರುತ್ತಿತ್ತು, ಈ ಕಡೆ ನಾನು ಹಿರಿಯರಿಗೆ ಫೋನ್ ಹಚ್ಚುತ್ತಿದ್ದೆ. ಒಬ್ಬೊಬ್ಬರಿಗೆ ಹೇಳುವ ಮೊದಲೂ ಮುಹೂರ್ತ ತೆಗೆದುಕೊಟ್ಟ ಅಯ್ಯನವರನ್ನು ಮತ್ತೆ ಕೇಳುತ್ತಿದ್ದೆ. ಮೊದಲಿಗೆ ಅಣ್ಣನಿಗೇ ಹೇಳಿದೆ, ಹನ್ನೊಂದೂವರೆ ಎಂದು. ಇನ್ನೂ ನಾಲ್ಕು ಮಂದಿಗೆ ಹೇಳುವಷ್ಟರಲ್ಲಿ ಅಯ್ಯನವರಿಗೆ ಸಾಕಾಯಿತು. "ನಿನ್ನ ಕಾಟಕ್ಕ ಮತ್ತ ಪಂಚಾಂಗ ತೆಗದೆ ನೋಡಬೇ. ಹನ್ನೊಂದೂವರಿ ಅಲ್ಲ, ಒಂಬತ್ತಕ್ಕ ಅಕ್ಕಿಕಾಳು!"

ವೇಳೆ ತಪ್ಪಿದೆ ಎಂದು ಸೊಸೆಗೆ ಕೂಗಿದೆ. ಶಿವಲೀಲಾ ಫೈಲ್ ತಿದ್ದಿದಳು. ನನಗೆ ಅಕ್ಷರ ಅಷ್ಟಕ್ಕಷ್ಟೇ, ಅಂಕಿ ಮಾತ್ರ ತಿಳಿಯುತ್ತವೆ. ನೋಡುತ್ತೇನೆ, ತಿದ್ದಿದ ಮೇಲೆ ಪರದೆಯಲ್ಲಿ ಬಂದ ಪತ್ರಿಕೆಯಲ್ಲೂ ಹನ್ನೊಂದೂವರೆಯೇ!

"ಏನಬೇ ಇದು, ಕಣ್ಣ ಮುಂದನ ತಿದ್ದಿದ್ಯಲ್ಲ!"

"ಸುರು ಆಗುವಾಗ ಮುಹೂರ್ತದ ಫೈಲ್ ಒಮ್ಮೆ ಓದಿ ಇಟ್ಕೊಂಡೈತ್ರಿ ಅತ್ತಿ. ಮುಗಿಯೂತನಕ ಆ ಓದಿದ್ದನ್ನ ನೋಡ್ತೈತಿ, ಫೈಲ್ ಮತ್ತ ತೆರಿಯೂದಿಲ್ಲ."

"ಮತ್ತೊಮ್ಮೆ ಹೋಗಿ ನೋಡಾಕ ಏನು ದಾಡಿ ಬಂದೈತಿ ಅದಕ್ಕ? ಮೈಗಳ್ಳ!"

"ಒಂದೊಂದು ಪತ್ರಿಕಿಗೂ ಹೋಗಿ ಓದ್ಕೋತ ಕುಂತ್ರ ಹೊತ್ತು ಹಾಳ್ರಿ. ಮ್ಯಾಲ ಅರ್ಧಾ ಮಂದಿಗೆ ಒಂದು ಮುಹೂರ್ತ, ಅರ್ಧಾ ಮಂದಿಗೆ ಇನ್ನೊಂದು ಹೋದ್ರ ಲಗ್ನ ಹೆಂಗಾದೀತು? ತಪ್ಪಿದ್ರ ಎಲ್ಲಾ ಸೇರಿ ತಪ್ಪಬೇಕು. ಆಗ ಎಲ್ಲಾ ಅಳಿಸಿ ಮೊದಲಿಂದ ಮಾಡಿದ್ರಾತು."

ಹೇಳಿದವಳೇ ಅಷ್ಟನ್ನೂ ಅಳಿಸಿ ಮೊದಲಿಂದ ಹಚ್ಚಿದಳು! ಆಗಿಹೋದ ಕೆಲಸವನ್ನು ಹೀಗೆ ಕೆಡಿಸುವವರನ್ನು ನಾನು ಕಂಡಿರಲಿಲ್ಲ. ನನ್ನದು ಹಾಗಲ್ಲ. ಮೊದಲಿನವರಿಗೆ ಹೇಳಿದ್ದು ಹೇಳಿಯಾಗಿತ್ತು, ಉಳಿದವರಿಗೆ ಒಂಬತ್ತು ಎಂದು ಹೇಳುತ್ತ ಹೋದೆ.

ಲಗ್ನದ ದಿನ ಒಂಬತ್ತಕ್ಕೆ ಅಕ್ಕಿಕಾಳು ಬಿದ್ದವು. ಅಣ್ಣನ ಸುಳಿವಿಲ್ಲ. ಮಂದಿ ಊಟಕ್ಕೆ ಏಳುವಾಗ ಹೊಸ ರುಮಾಲು ಸುತ್ತಿಕೊಂಡು ಬಂದ. ಮದುಮಕ್ಕಳು ಆಗಲೇ ಗಂಡ ಹೆಂಡತಿಯಾಗಿ ಫೋಟೊಗೆ ನಿಂತಿದ್ದರು. ಓಡಿ ಹೋಗಿ ಕೇಳಿದೆ:

"ಪತ್ರಿಕಿ ಮುಟ್ಟಿರಲಿಲ್ಲೇನೊ ಯಣ್ಣಾ?"

ಜೇಬಿನಿಂದ ಪತ್ರಿಕೆ ತೆಗೆದು ತೋರಿಸಿದ. ಒಂಬತ್ತು ಎಂದೇ ಇತ್ತು.

"ಮುಟ್ಟಿತ್ತು. ಆದ್ರ ತಂಗಿ ಹನ್ನೊಂದೂವರಿ ಅಂದಾಳ, ಪತ್ರಿಕಿನೇ ತಪ್ಪಿರಬೇಕು ಅನಕೊಂಡೆ."

ಸೊಸೆ ಅಲ್ಲೇ ನಿಂತಿದ್ದಳು. ಒಂದು ಹಿಡಿ ಅಕ್ಕಿಕಾಳು ತಂದು ಅಣ್ಣನ ಕೈಗಿಟ್ಟು ಮದುಮಕ್ಕಳ ಹತ್ತಿರ ಕರೆದೊಯ್ದಳು. ವೇದಿಕೆ ಇಳಿದು ಬಂದ ಅಣ್ಣ ಕೇಳಿದ, "ಹಿರೇಕೆರೂರಾಗ ಆರತಕ್ಷತೆ ಅಂತಲ್ಲ, ಎಷ್ಟಕ್ಕಬೇ?"

ಅಭ್ಯಾಸಬಲ, ಬಾಯಿ ತೆರೆದೆ. ಮುಚ್ಚಿಕೊಂಡು ಹೇಳಿದೆ: "ಪತ್ರಿಕಿ ನೋಡೊ ಯಣ್ಣಾ."