ಅಮ್ಮನ ಕಣ್ಣಿನ ರಜೆಗೆ ಸೂಕ್ತ ಪ್ರಿಪೊಸಿಷನ್

ಸಂಖ್ಯೆ: ರಜೆ/ಇಂಗ್ಲಿಷ್/ವಾಪಸ್-7

ಸುತ್ತೋಲೆ

ವಿಷಯ: ರಜೆ ಅರ್ಜಿಗಳಲ್ಲಿ ಇಂಗ್ಲಿಷ್ ಕ್ರಿಯಾಪದದ ಬೆನ್ನಿಗೆ ಬರತಕ್ಕ ಸಣ್ಣ ಪದಗಳ ಶಿಸ್ತಿನ ಬಗ್ಗೆ.

ಉಲ್ಲೇಖ: ರವಾನೆ ವಿಭಾಗದ ಗುಮಾಸ್ತೆಯ ಮೂರು ದಿನಗಳ ರಜೆ ಅರ್ಜಿ (ಏಳು ಬಾರಿ ಹಿಂದಿರುಗಿಸಿದ್ದು).

ಸದರಿ ಗುಮಾಸ್ತೆಯ ತಾಯಿಗೆ ಗುರುವಾರ ಕಣ್ಣಿನ ಆಪರೇಷನ್ ನಿಗದಿಯಾಗಿದ್ದು, ಜೊತೆಗಿರಲು ಬೇರೆ ಯಾರೂ ಇಲ್ಲವೆಂದು ಆಕೆ ಹನ್ನೆರಡು ದಿನ ಮುಂಚೆಯೇ ಅರ್ಜಿ ಸಲ್ಲಿಸಿದ್ದು ಸರಿಯಷ್ಟೆ. ಆದರೆ ಈ ಕಚೇರಿಯ ಪದ್ಧತಿಯಂತೆ ಮೊದಲು ಇಂಗ್ಲಿಷನ್ನು, ಆಮೇಲೆ ಕಾರಣವನ್ನು ನೋಡಲಾಗುತ್ತದೆ. ತಿದ್ದಲು ಕೆಂಪು ಶಾಯಿ ಇರುವವರೆಗೆ ಕಾರಣದ ತನಕ ಹೋಗುವ ಪ್ರಮೇಯ ಬಂದಿರುವುದಿಲ್ಲ. ಆದ್ದರಿಂದ ಸಮಸ್ತ ಸಿಬ್ಬಂದಿಯ ಅವಗಾಹನೆಗೆ ತರಲಾಗಿದೆ:

1. 'ರಿಕ್ವೆಸ್ಟ್' ಎಂಬ ಕ್ರಿಯಾಪದಕ್ಕೆ 'ಫಾರ್' ಅಂಟಿಸತಕ್ಕದ್ದಲ್ಲ. ಅಂಟಿಸಿದ್ದಕ್ಕೆ ಸದರಿ ಅರ್ಜಿ ಒಮ್ಮೆ ವಾಪಸಾಯಿತು. ಕಿತ್ತ ಮೇಲೆ ವಾಕ್ಯ ಬೋಳುಬೋಳಾಗಿ ಕಂಡಿದ್ದರಿಂದ ಮತ್ತೊಮ್ಮೆ ವಾಪಸಾಯಿತು.

2. ಗುರುವಾರಕ್ಕೆ 'ಆನ್', ಆಸ್ಪತ್ರೆಗೆ 'ಇನ್', ಬೆಳಗಿನ ಒಂಬತ್ತು ಗಂಟೆಗೆ 'ಅಟ್' ಹಾಕತಕ್ಕದ್ದು. ಯಾಕೆಂದು ಕೇಳತಕ್ಕದ್ದಲ್ಲ. ಅಧೀಕ್ಷಕರಿಗೂ ಯಾರೂ ಹೇಳಿರುವುದಿಲ್ಲ.

3. ತಾಯಿಯನ್ನು 'ಲುಕ್ ಅಟ್' ಮಾಡಲು, ಅಂದರೆ ಬರೀ ನೋಡಲು, ಅರ್ಧ ದಿನ ಸಾಕು. 'ಲುಕ್ ಆಫ್ಟರ್' ಮಾಡಲು, ಅಂದರೆ ನೋಡಿಕೊಳ್ಳಲು, ಮೂರು ದಿನ. 'ಲುಕ್ ಫಾರ್' ಎಂದು ಬರೆದಲ್ಲಿ ತಾಯಿ ಕಾಣೆಯಾಗಿದ್ದಾರೆಂದು ಭಾವಿಸಿ, ಪೊಲೀಸ್ ದೂರಿನ ಪ್ರತಿಯನ್ನು ಕೇಳಲಾಗುವುದು. 'ಲುಕ್ ಇಂಟು' ಎಂದಾದರೆ ತಾಯಿಯ ವಿರುದ್ಧ ಇಲಾಖಾ ವಿಚಾರಣೆ ಆರಂಭವಾಗುತ್ತದೆ. ಗುಮಾಸ್ತೆಯು 'ಲುಕ್ ಆಫ್ಟರ್' ಒಂದನ್ನು ಮೊದಲ ಸಲವೇ ಸರಿಯಾಗಿ ಬರೆದಿದ್ದು, ಯಾರನ್ನೋ ಕೇಳಿ ಬರೆದಿರಬೇಕೆಂಬ ಅನುಮಾನದ ಮೇಲೆ ಹಿಂದಿರುಗಿಸಲಾಯಿತು.

4. ಬುಧವಾರ ಸಂಜೆ ಅರ್ಜಿ ಏಳನೆಯ ಬಾರಿ ವಾಪಸಾದಾಗ ಆಕೆ ಅದನ್ನು ಅಧೀಕ್ಷಕರ ಮೇಜಿನ ಮೇಲಿಟ್ಟು, "ಸಾರ್, ನಾಳೆ ಅಮ್ಮನ ಕಣ್ಣಿನ ಆಪರೇಷನ್ನು. ನಾನು ಬರಲ್ಲ" ಎಂದು ಹೇಳಿ ಹೊರಟುಹೋದದ್ದು ವರದಿಯಾಗಿದೆ. ಈ ಹೇಳಿಕೆಯಲ್ಲಿ ಹುಡುಕಿದರೂ ಒಂದೂ ಪ್ರಿಪೊಸಿಷನ್ ಸಿಕ್ಕಿರುವುದಿಲ್ಲ. ಕೇಳಿದ ಕೂಡಲೇ ಅರ್ಥವಾಗುವ ಇಂತಹ ಮಾತುಗಳಿಂದ ತಿದ್ದುಪಡಿ ವಿಭಾಗಕ್ಕೆ ಕೆಲಸವೇ ಇಲ್ಲದಂತಾಗುವುದರಿಂದ, ಕಚೇರಿ ವೇಳೆಯಲ್ಲಿ ಇವನ್ನು ನಿಷೇಧಿಸಲಾಗಿದೆ.

5. ರಜೆ ಮಂಜೂರಾಗುವ ಮುನ್ನವೇ ಆಪರೇಷನ್ ನಡೆದು ತಾಯಿಗೆ ದೃಷ್ಟಿ ಮರಳಿರುತ್ತದೆ. ಪೂರ್ವಾನುಮತಿಯಿಲ್ಲದೆ ಮರಳಿದ ಈ ದೃಷ್ಟಿಯನ್ನು ಗಂಭೀರವಾಗಿ ಪರಿಗಣಿಸಲಾಗಿದೆ. ಅರ್ಜಿ ಇನ್ನೂ ಪರಿಶೀಲನೆಯಲ್ಲಿರುತ್ತದೆ.

6. ಈ ಸುತ್ತೋಲೆಯನ್ನು ಇಂಗ್ಲಿಷಿನಲ್ಲೇ ಹೊರಡಿಸಬೇಕೆಂದಿತ್ತು. ಕರಡು ಒಂಬತ್ತು ಸಲ ಅಧೀಕ್ಷಕರಿಂದ ಅಧೀಕ್ಷಕರಿಗೇ ವಾಪಸಾಗಿರುವ ಕಾರಣ, ತಾತ್ಕಾಲಿಕವಾಗಿ ಎಲ್ಲರಿಗೂ ಅರ್ಥವಾಗುವ ಭಾಷೆಯಲ್ಲಿ ಹೊರಡಿಸಲಾಗಿದೆ. ಆದ ಅನಾನುಕೂಲಕ್ಕೆ ವಿಷಾದಿಸಲಾಗಿದೆ.

ಸಹಿ/-
ಅಧೀಕ್ಷಕರು,
ತಿದ್ದುಪಡಿ ವಿಭಾಗ

ಪ್ರತಿಗಳು:
1. ಕೆಂಪು ಶಾಯಿ ಸರಬರಾಜುದಾರರಿಗೆ, ಇನ್ನೂ ಎರಡು ಡಬ್ಬಿಯ ಕೋರಿಕೆಯೊಂದಿಗೆ.
2. ರವಾನೆ ವಿಭಾಗದ ಗುಮಾಸ್ತೆಗೆ. ಈ ಸುತ್ತೋಲೆಯನ್ನು ರವಾನಿಸಲು ಬೇರೆ ಯಾರೂ ಇಲ್ಲದ್ದರಿಂದ ಬೇಗ ಬರತಕ್ಕದ್ದು.
3. ಆಕೆಯ ತಾಯಿಯವರಿಗೆ, ಈಗ ಕಣ್ಣು ಕಾಣುತ್ತಿರುವುದರಿಂದ ತಾವೇ ಓದಿಕೊಳ್ಳಲು.